ಒಂದು ಸೀಲಿಗಾಗಿ ಕಾದ ಮನೆ

ಸ್ಟೋರು ಕೋಣೆ,
ಸೋಮವಾರ, ಮಾರ್ಚ್ ೯

ನನ್ನ ಪ್ರೀತಿಯ 'ರೀ' ಅವರಿಗೆ,

ಬೆನ್ನುನೋವು ಹೇಗಿದೆ? ಮಿಷನ್ನಿನ ಕೆಳಗೆ ಅಂಗಾತ ಮಲಗುವಾಗ ಗೋಣಿಚೀಲವನ್ನಾದರೂ ಹಾಸಿಕೊಳ್ಳುತ್ತೀರೋ, ಇಲ್ಲವೋ? ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಮಂಡಿ ಎಂದಿನಂತೆ ಗೊಣಗುತ್ತದೆ, ಅವರಿಗಿಂತ ಸ್ವಲ್ಪ ಕಡಿಮೆ. ಮಗಳು ಮಾತ್ರ ದಿನಾ ಎದ್ದ ಕೂಡಲೇ, "ಅಪ್ಪನ ಮಿಷನ್ನಿಗೆ ಜ್ವರ ಇನ್ನೂ ಇಳಿದಿಲ್ವಾ?" ಎನ್ನುತ್ತಾಳೆ.

ಇಳಿಯುವುದಾದರೂ ಹೇಗೆ? ಬಾಡಿಗೆಗೆ ಹೋದ ಮಣ್ಣು ಅಗೆಯುವ ಮಿಷನ್ನು ಅಲ್ಲಿ ಕೆಟ್ಟು ನಿಂತಿದೆ. ಪಂಪಿನ ಎಣ್ಣೆ ಸೋರದಂತೆ ತಡೆಯುವ ಅಂಗೈಯಗಲದ ರಬ್ಬರ್ ಸೀಲು ಸಿಗದೆ ನೀವು ಅದರ ಪಕ್ಕ ಕಾವಲು ಕೂತಿದ್ದೀರಿ. ಅದನ್ನು ಕಳಿಸಬೇಕಾದ ಬಿಡಿಭಾಗಗಳ ಸ್ಟೋರಿನಲ್ಲಿ ಕೂತವಳು ನಾನೇ! ಇಲ್ಲಿಯ ಗ್ರೀಸಿನ ವಾಸನೆ ನಿಮ್ಮ ಅಂಗಿಯದೇ. ಹೊರಗೆ ಲಾರಿ ನಿಂತ ಸದ್ದಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲು ನೋಡುತ್ತೇನೆ. ಡ್ರೈವರಣ್ಣ, "ನಾನೇ ಅಕ್ಕಾ, ಅವರಲ್ಲ" ಎನ್ನುತ್ತಾನೆ, ಪಾಪ.

ಕಳೆದ ವಾರ ತಡೆಯಲಾಗಲಿಲ್ಲ. ಇಡೀ ಸ್ಟೋರನ್ನು ಅಂಗಳಕ್ಕೆ ತೆಗೆಸಿದೆ. ಇರುವುದು ಕಾಣದೆ ಮತ್ತೆ ಮತ್ತೆ ತರಿಸಿದ ಫಿಲ್ಟರುಗಳು ರಾಶಿ ರಾಶಿ. ಎಂದೋ ಮಾರಿಹೋದ ಮಿಷನ್ನುಗಳ ಬೆಲ್ಟುಗಳು ಬೇರೆ. ಸೀಲು ಮಾತ್ರ ಒಂದೂ ಇಲ್ಲ. ಮಿಷನ್ನು ನಿಂತ ದಿನವೇ ಹೇಳಿಕಳಿಸಿದ್ದೆ, ಬರುವುದಕ್ಕೆ ವಾರಗಟ್ಟಲೆ. ಬುತ್ತಿ ತಂದ ಅತ್ತೆ ಅಲ್ಲೇ ಕೂತು ಧೂಳು ಒರೆಸತೊಡಗಿದರು. "ಉಪ್ಪು ತಳ ಕಾಣೋ ಮುಂಚೆ ತರಿಸ್ಬೇಕು ಕಣೇ, ಒಲೆ ಹಚ್ಚಿದ ಮೇಲಲ್ಲ" ಎಂದರು. ಅದನ್ನೇ ಹಿಡಿದುಕೊಂಡೆ. ಈಗ ಒಂದೊಂದು ಮಿಷನ್ನಿಗೆ ಒಂದೊಂದು ಕಪಾಟು. ಬೇಗ ಸವೆಯುವಂಥದ್ದು ಕೈಗೆಟಕುವಲ್ಲಿ, ಅದರಲ್ಲೂ ಕೊನೆಯ ಒಂದೆರಡು ಕೆಂಪು ಡಬ್ಬಿಯಲ್ಲಿ. ಕೆಂಪಿಗೆ ಕೈ ಹಾಕಿದ ದಿನವೇ ಹೊಸದಕ್ಕೆ ಹೇಳಬೇಕು.

ಮಾಲೀಕರು ಸಿಡುಕಿದರು: "ಕಬ್ಬಿಣ ಕೂಡಿಟ್ರೆ ಅದೇನು ಮರಿ ಹಾಕುತ್ತಾ ತಾಯೀ?" ಎಲ್ಲಿಂದ ಧೈರ್ಯ ಬಂತೋ, "ಮಿಷನ್ನು ನಿಂತ್ರೆ ಅಲ್ಲಿ ನಿಮ್ಮ ಬಾಡಿಗೆ ನಿಲ್ಲುತ್ತೆ ಸಾರ್, ಇಲ್ಲಿ ನನ್ನ ಮನೇನೇ ನಿಂತುಹೋಗುತ್ತೆ" ಎಂದುಬಿಟ್ಟೆ. ಅವರು ಕನ್ನಡಕ ಒರೆಸಿಕೊಂಡು ಕೆಂಪು ಡಬ್ಬಿಯೊಂದನ್ನು ತೆರೆದು ನೋಡಿದರು. ಕೊನೆಗೆ, "ಹೀಗೇ ನಡೀಲಿ" ಎಂದರು.

ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆಯ ಆಶೀರ್ವಾದ, ಮಗಳ ಮುತ್ತು, ಉಳಿದದ್ದೆಲ್ಲ ನನ್ನದು.

ಇಂತಿ,
ನಿಮ್ಮ ಸ್ಟೋರಿನವಳು

ಅಯ್ಯೋ, ಲಾರಿ ಹೊರಡುತ್ತಿದೆ, ಮುಖ್ಯವಾದದ್ದೇ ಬಿಟ್ಟುಹೋಯಿತು. ಸೀಲು ಬಂತು, ಈ ಪತ್ರದ ಜೊತೆಗೇ ಇದೆ. ದೂರದ ಕೆಲಸಗಳಿಗೆಂದು ನೀವಿರುವಲ್ಲೇ ಒಂದು ಸಣ್ಣ ಸ್ಟೋರು ತೆರೆಯುತ್ತಾರಂತೆ. ನೋಡಿಕೊಳ್ಳಲು ಹೋಗುತ್ತೀಯಾ ಎಂದು ಮಾಲೀಕರು ಕೇಳಿ ಮುಗಿಸುವ ಮೊದಲೇ ಹೂಂ ಎಂದೆ. ಅತ್ತೆ ಆಗಲೇ ಪಾತ್ರೆ ಕಟ್ಟುತ್ತಿದ್ದಾರೆ. ಒಂದೇ ಕೋಣೆಯಾದರೂ ಸರಿ, ಮನೆ ನೋಡಿಡಿ.