ಗೋಡೆಗೆ ಮೂರು ಏಟು

ಸಾಲ್ಫರ್ಡ್
14 ನವೆಂಬರ್ 1975

ನನ್ನ ಬಂಗಾರ ಬೆರಿಲ್,

ನಿನ್ನ ಕಾಗದ ಸೋಮವಾರ ನಿನ್ನ ವಕೀಲರ ಮೂಲಕ ಕೈಸೇರಿತು, ಇದನ್ನೂ ಅವರಿಗೇ ಕಳಿಸುತ್ತಿದ್ದೇನೆ. ಹೊಡೆತ ತಿಂದ ಹೆಂಗಸರಿಗೆಂದೇ ನೀನೀಗ ಇರುವಂಥ ಮನೆ ತೆರೆಯುತ್ತಾರೆ, ಅದರ ವಿಳಾಸವನ್ನು ಹೆತ್ತವಳಿಗೂ ಹೇಳುವುದಿಲ್ಲ ಎಂದು ಹತ್ತು ವರ್ಷದ ಹಿಂದೆ ಯಾರಾದರೂ ಅಂದಿದ್ದರೆ ನಕ್ಕುಬಿಡುತ್ತಿದ್ದೆ. ನಿನ್ನ ಗಂಡ ಕ್ಲಿಫ್ ಕುಡಿತ ಬಿಟ್ಟಿದ್ದೇನೆಂದು ವಕೀಲರ ಮೂಲಕ ಹೇಳಿಕಳಿಸಿದ್ದಾನೆ, ಕ್ರಿಸ್‌ಮಸ್ಸಿಗೆ ವಾಪಸು ಹೋಗಲೇ ಅಮ್ಮಾ ಎಂದು ಕೇಳಿದ್ದೀಯೆ. ಬೇಡ.

ಯಾಕೆಂದು ಹೇಳುತ್ತೇನೆ, ನನ್ನನ್ನು ಬೈದುಕೊಂಡೇ ಓದು. ಹಳೆಯ ಸಾಲುಮನೆಯಲ್ಲಿ ನಿನ್ನಪ್ಪ ಬೆಲ್ಟು ಬಿಚ್ಚಿದ ಕೂಡಲೇ ನಾನು ಕೆಂಡ ಕೆದಕುವ ಸಲಾಕೆಯಿಂದ ಅಗ್ಗಿಷ್ಟಿಕೆಯ ಹಿಂಗೋಡೆಗೆ ಮೂರು ಏಟು ಬಿಗಿಯುತ್ತಿದ್ದೆ. ಪಕ್ಕದ ಮನೆಯ ನೆಲ್ಲಿ ಕ್ಲೆಗ್ ಹಿತ್ತಿಲ ಬಾಗಿಲಿಂದ ನುಗ್ಗಿ, "ಒಂದ್ ಲೋಟ ಸಕ್ರೆ ಇದ್ರೆ ಕೊಡೇ ಎಡ್ನಾ" ಎಂದು ಕುರ್ಚಿ ಎಳೆದುಕೊಂಡು ಕೂತುಬಿಡುವಳು. ಸಕ್ಕರೆ ಬೇಡುವವಳ ಕೈಯಲ್ಲಿ ಲಟ್ಟಣಿಗೆ! ಅವಳೆದುರು ನಿನ್ನಪ್ಪ ಕೈ ಎತ್ತುತ್ತಿರಲಿಲ್ಲ. ಆ ದಿನಕ್ಕೆ ಬಚಾವಾದೆ ಅಂದುಕೊಳ್ಳುತ್ತಿದ್ದೆ. ಮಾರನೆಯ ದಿನದ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ.

ಅದೇ ಬುದ್ಧಿಯನ್ನು ನಿನಗೂ ಕಲಿಸಿ ಮದುವೆ ಮಾಡಿಕೊಟ್ಟೆ. ಅಷ್ಟರಲ್ಲಿ ನಗರಸಭೆಯವರು ಬೀದಿಯನ್ನೇ ಕೆಡವಿ ಎಲ್ಲರಿಗೂ ಎತ್ತರದ ಕಟ್ಟಡಗಳಲ್ಲಿ ಮನೆ ಕೊಟ್ಟರು. ನಿನಗೆ ಸಿಕ್ಕಿದ್ದು ಹನ್ನೊಂದನೆಯ ಮಹಡಿ. ಮನೆಯೊಳಗೇ ಬಚ್ಚಲು, ಬಿಸಿನೀರಿನ ಪೈಪು, ಅಗ್ಗಿಷ್ಟಿಕೆಯೇ ಇಲ್ಲ. ಎಷ್ಟು ಹೊಟ್ಟೆಕಿಚ್ಚುಪಟ್ಟಿದ್ದೆ ಗೊತ್ತಾ? ಕ್ಲಿಫ್ ನಿನ್ನ ತಲೆಯನ್ನು ಸ್ನಾನದ ತೊಟ್ಟಿಗೆ ಜಜ್ಜಿದ ದಿನ ನೀನು ಬಾಣಲೆಯಿಂದ ಪೈಪಿಗೆ ಮೂರು ಏಟು ಹೊಡೆದೆ. ಸದ್ದು ಎಲ್ಲ ಮಹಡಿಗೂ ಹರಿಯಿತು, ಯಾರೂ ಬರಲಿಲ್ಲ. ಬಾಗಿಲಡಿಯಿಂದ ಒಂದು ಚೀಟಿ ಬಂತು, ದಯವಿಟ್ಟು ಗದ್ದಲ ಮಾಡಬೇಡಿ ಅಂತ. ಪೊಲೀಸಿನವನೂ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮಾ" ಎಂದು ಟೋಪಿ ಇಟ್ಟುಕೊಂಡು ಹೋದ.

ಆಮೇಲೆ ನೀನು ಬಂದದ್ದು ನನ್ನ ಬಾಗಿಲಿಗೆ. ತುಟಿ ಸೀಳಿತ್ತು, ಎರಡು ಹಲ್ಲು ಕರವಸ್ತ್ರದಲ್ಲಿದ್ದವು. ನಾನು ಚಹಾ ಕೊಟ್ಟು, ರಕ್ತ ಒರೆಸಿ, "ತಾಳಿದವರು ಬಾಳಿಯಾರು, ಹೋಗೇ, ಸಂಜೆಗೆ ಅವನಿಗೆ ಅಡುಗೆ ಆಗ್ಬೇಕಲ್ಲ" ಎಂದು ಬಸ್ ಹತ್ತಿಸಿದೆ. ವಾರದೊಳಗೆ ಅವನು ನಿನ್ನ ತುಂಬಿದ ಹೊಟ್ಟೆಗೆ ಒದ್ದ. ಮೆಟ್ಟಿಲು ಜಾರಿ ಮಗು ಹೋಯಿತೆಂದು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದವಳೂ ನಾನೇ. ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ಆವತ್ತು ಕೇಳಬಾರದ ನನ್ನ ಮಾತು ಕೇಳಿದೆ. ಈವತ್ತಿನದನ್ನೂ ಕೇಳು, ಆ ಹೆಂಗಸರ ಜೊತೆಯಲ್ಲೇ ಇರು.

ನಾನು ಚೆನ್ನಾಗಿದ್ದೇನೆ. ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ಪಾಪಿ ಅಮ್ಮ,
ಎಡ್ನಾ

ಮತ್ತೆ: ಚೆನ್ನಾಗಿದ್ದೇನೆ ಅಂದದ್ದು ಸುಳ್ಳು. ಬೇರೆಯವರ ಬಾಯಿಂದ ಕೇಳಿ ನೀನು ಓಡಿಬರಬಾರದೆಂದು ನಾನೇ ಹೇಳುತ್ತಿದ್ದೇನೆ. ಬುಧವಾರ ಮಧ್ಯಾಹ್ನ ಕ್ಲಿಫ್ ಬಂದಿದ್ದ. ಕುಡಿದಿರಲಿಲ್ಲ. ನಿನ್ನ ವಿಳಾಸ ಕೇಳುತ್ತ ಕೇಳುತ್ತ ನನ್ನ ಬಲಗೈ ಬೆರಳುಗಳನ್ನು ಬಾಗಿಲ ಸಂದಿಗೆ ಕೊಟ್ಟು ಒಂದೊಂದಾಗಿ ಮುರಿದ. ಗೊತ್ತಿದ್ದರೆ ಎರಡನೆಯ ಬೆರಳಿಗೇ ಬಾಯಿಬಿಡುತ್ತಿದ್ದೆ ಮಗಳೇ. ನನಗೆ ತಿಳಿಸಬೇಡ ಎಂದವರ ಹೊಟ್ಟೆ ತಣ್ಣಗಿರಲಿ. ಎಡಗೈಯಲ್ಲಿ ಇಷ್ಟು ಬರೆಯಲು ಎರಡು ದಿನ ಹಿಡಿಯಿತು. ಅವನಿನ್ನೂ ನನ್ನ ಕಿಟಕಿಯ ಕೆಳಗೆ ಬಸ್ ನಿಲ್ದಾಣದಲ್ಲಿ ಕೂತಿದ್ದಾನೆ. ಅಮ್ಮನ ಕೈ ನೋಡಲು ನೀನು ಬಂದೇ ಬರುತ್ತೀಯೆಂದು ಅವನಿಗೆ ಗೊತ್ತು. ಬರಬೇಡ.