ಕೆಂಪು ರಿಬ್ಬನ್ನಿನ ಇಳಿಜಾರು

ಅಡುಗೆಮನೆಯ ಮೇಜಿನಿಂದ,
ಭಾನುವಾರ, ಹನ್ನೆರಡನೇ ತಾರೀಕು

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಓದುವ ನೆಪದಲ್ಲಿ ಹಾಸ್ಟೆಲಿನ ಊಟ ಬಿಡುತ್ತೀಯಂತೆ. ಅದಕ್ಕೆ ನಿಮ್ಮಮ್ಮ ನನ್ನ ಮೇಲೆ ಹರಿಹಾಯುತ್ತಾಳೆ, ನಾನೇ ನಿನ್ನ ತಟ್ಟೆ ಕಸಿದುಕೊಂಡ ಹಾಗೆ! ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಗಿಡಗಳೂ ಉಳಿದವು. ಒಮ್ಮೆ ಉಸಿರು ಬಿಟ್ಟು, ಆಮೇಲೆ ಅಪ್ಪನ ಪುರಾಣ ಕೇಳು.

ನಮ್ಮೂರಿನ ಈ ಇಳಿಜಾರು ಬಿಟ್ಟು ಇನ್ನೆಲ್ಲೂ ಯಾರಿಗೂ ಕಾಣದ ಗೇಣುದ್ದದ ಗಿಡ. ಹೊಸ ರಸ್ತೆ ಬರುವುದು ಅದರ ಮೇಲೆಯೇ, ಅಗೆಯುವ ಯಂತ್ರ ಓಡಿಸುವವನು ನಿನ್ನಪ್ಪನೇ. "ಅಪ್ಪಾ, ಒಂದೊಂದಕ್ಕೂ ಗುರುತು ಕಟ್ಟಿದ್ದೀನಿ, ರಸ್ತೆ ಬದಲಿಸಿ ಅಂತ ಕೊಟ್ಟ ನನ್ನ ಅರ್ಜಿಗೆ ಉತ್ತರ ಬರೋವರೆಗೂ ನೋಡ್ಕೋ" ಎಂದು ಹೇಳಿ ಹೋದೆಯಲ್ಲ, ಗುರುತು ಕೆಂಪು ರಿಬ್ಬನ್ ಎಂದು ಹೇಳಬಾರದಿತ್ತೇ ತಾಯಿ? ನಿನಗೆ ಕೆಂಪೆಂದರೆ ಮುಟ್ಟಬೇಡ. ನಮ್ಮ ಕೆಲಸದಲ್ಲಿ ಕೆಂಪು ರಿಬ್ಬನ್ ಕಂಡ ಕಡೆ ಅಗೆಯಬೇಕು! ಮೂರು ವಾರದ ಹಿಂದೆ, ಸರ್ವೆಯವರು ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದಾರಪ್ಪಾ ಎಂದು ಮೆಚ್ಚಿಕೊಂಡೇ ಯಂತ್ರ ಹೊರಡಿಸಿದೆ. ಯಂತ್ರದ ಮಣ್ಣು ಬಗೆಯುವ ಬಕೆಟ್ ಚಾಚುವಾಗ ಗಾಳಿಗೆ ಒಂದು ರಿಬ್ಬನ್ ಈ ಕಡೆ ತಿರುಗಿತು. ಅದರ ಮೇಲೆ ಮಸಿಯಲ್ಲಿ ಬರೆದ ಉದ್ದ ಬಾಲದ ಒಂಬತ್ತು. ಅಂಥ ಒಂಬತ್ತು ಬರೆಯುವವಳು ನೀನೊಬ್ಬಳೇ. ತಕ್ಷಣ ಎಂಜಿನ್ ಆಫ್ ಮಾಡಿದೆ.

ಮೇಸ್ತ್ರಿ ಓಡಿಬಂದ. "ಏನಯ್ಯಾ, ಯಂತ್ರ ಕೆಟ್ಟಿತಾ, ತಲೆ ಕೆಟ್ಟಿತಾ?" "ಎರಡೂ ಸರಿ ಇದೆ, ಇದು ನನ್ನ ಮಗಳ ಗಿಡ" ಎಂದೆ. ಕೀಲಿ ಜೇಬಿಗಿಟ್ಟುಕೊಂಡು ಅಲ್ಲೇ ಕೂತೆ. ಕೆಲಸ ಹೋದರೆ ಹೋಗಲಿ ಎನ್ನಿಸಿತು, ನಿಜ ಹೇಳುತ್ತೇನೆ, ಹೆದರಿಕೆಯೂ ಆಯಿತು. ಮಧ್ಯಾಹ್ನ ಎಂಜಿನಿಯರ್ ಮೇಡಂ ಬಂದು ಮಣ್ಣಿನಲ್ಲಿ ಮಂಡಿಯೂರಿ ನೋಡಿದರು, ನಿನ್ನ ಅರ್ಜಿಯನ್ನು ಎಲ್ಲಿಂದಲೋ ಹುಡುಕಿ ತೆಗೆಸಿದರು. ನಿನ್ನೆ ಆದೇಶ ಬಂತು: ರಸ್ತೆ ಇಳಿಜಾರನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತದೆ! ಬೇಲಿಯನ್ನೂ ಹಾಕಿದ್ದಾರೆ. ಈಗ ಬಂದವರಿಗೆಲ್ಲ "ನಮ್ಮ ಗಿಡ ನೋಡಿದ್ರಾ?" ಎಂದು ಕೊಚ್ಚಿಕೊಳ್ಳುವವನು ಅದೇ ಮೇಸ್ತ್ರಿ. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಮಗಳೇ.

ನಿನ್ನ ಓದು ಚೆನ್ನಾಗಿ ಸಾಗಲಿ, ಹೊಟ್ಟೆ ತುಂಬ ಉಣ್ಣು. ನಿಮ್ಮಮ್ಮನ ಮುತ್ತುಗಳನ್ನು ಇದರಲ್ಲೇ ಮಡಚಿಟ್ಟಿದ್ದೇನೆ.

ನಿನ್ನ
ಅಪ್ಪ

ತಾ.ಕ.: ಒಂದು ವಿಷಯ ಮುಚ್ಚಿಟ್ಟೆ. ಆ ರಿಬ್ಬನ್ ಕಣ್ಣಿಗೆ ಬೀಳುವ ಮೊದಲೇ ಬಕೆಟ್ ಒಂದು ಸಲ ಇಳಿದಿತ್ತು. ಕಿತ್ತುಬಂದ ಗಿಡವನ್ನು ಅದರದೇ ಮಣ್ಣಿನ ಜೊತೆ ನನ್ನ ಹೆಲ್ಮೆಟ್ಟಿನಲ್ಲಿಟ್ಟು ಮನೆಗೆ ತಂದೆ. ಹೆಲ್ಮೆಟ್ ಕಳೆದುಹೋಯಿತೆಂದು ಮೇಸ್ತ್ರಿಗೆ ಸುಳ್ಳು ಹೇಳಿದೆ. ದಿನವೂ ಕಳ್ಳನ ಹಾಗೆ ನೀರು ಹಾಕುತ್ತಿದ್ದೆ. ಇವತ್ತು ಬೆಳಗ್ಗೆ ಅದರಲ್ಲಿ ಮೊಗ್ಗು! ಬೈಯುವುದಿದ್ದರೆ ಬಂದು ಬೈ, ಆದರೆ ಬೇಗ ಬಾ. ಹೂವು ನಾಲ್ಕೇ ದಿನ ಇರುತ್ತದೆ ಎಂದವಳು ನೀನೇ.