ಎದೆಮಟ್ಟದ ಕಲ್ಲು

ಮಾರ್ಚ್ ಹನ್ನೆರಡು, ಗುರುವಾರ ಸಂಜೆ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮುದ್ದಿನ ಮಗಳಿಗೆ,

ಮಹಾಜನಗಳೇ! ಈ ಕಾಗದವನ್ನು ನೀನು ಒಬ್ಬಳೇ ಓದುವವಳಲ್ಲ, ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಂಡು ಗಟ್ಟಿಯಾಗಿ ಓದುವವಳು ಎಂದು ನನಗೆ ಗೊತ್ತು. ಆದ್ದರಿಂದ, ಮುಂದಿನ ಸಾಲಿನಲ್ಲಿ ಕೂತ ಬೀಗಿತ್ತಿಯವರೇ, ಪೇಪರಿನ ಹಿಂದೆ ಅಡಗಿರುವ ಅಳಿಯಂದಿರೇ, ಮೇಜಿನ ಕೆಳಗೆ ಒಬ್ಬರನ್ನೊಬ್ಬರು ಒದೆಯುತ್ತಿರುವ ಮೊಮ್ಮಕ್ಕಳೇ, ಎಲ್ಲರೂ ಸುಮ್ಮನಾಗಿ! ಪರದೆ ಏಳುತ್ತಿದೆ!

ಮೂರು ಕಾಗದಕ್ಕೆ ಒಂದೂ ಉತ್ತರ ಬರೆಯದ ತಂದೆ ತಲೆ ತಗ್ಗಿಸಿಕೊಂಡು ರಂಗಕ್ಕೆ ಬರುತ್ತಿದ್ದಾನೆ. ಕ್ಷಮಿಸಮ್ಮ. ಮೂರರಲ್ಲೂ ನೀನು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪ, ನಮ್ಮ ಜಾಗಕ್ಕೆ ಹೊಳೆ ನೀರು ಎಷ್ಟು ಬರುತ್ತೆ ಅಂತ ಸರಿಯಾಗಿ ವಿಚಾರಿಸಿ ಬರಿ. ಮಾರ್ಚ್ ಹದಿನಾರರ ಸೋಮವಾರ ಶಿಶುವಿಹಾರಕ್ಕೆ ಪಾಯ ತೋಡಿಸ್ತೀವಿ. ನಲವತ್ತು ಮಕ್ಕಳ ವಿಷಯ." ನಿನ್ನ ಅಮ್ಮನಂತೂ ದಿನಾ ಒಂದೇ ರಾಗ. "ಊರಿಗೆಲ್ಲ ಕೇಳೋ ಹಾಗೆ ಹರಾಜು ಕೂಗ್ತೀರಿ, ಮಗಳಿಗೆ ನಾಲ್ಕು ಸಾಲು ಬರೆಯೋಕೆ ಕೈಗೆ ಏನಾಗಿದೆ?" ಕೈಗೆ ಏನೂ ಆಗಿರಲಿಲ್ಲ. ಆದರೆ ಇವತ್ತು ಮಧ್ಯಾಹ್ನದಿಂದ ನನ್ನ ಮೈ ಜುಮ್ಮೆನ್ನುತ್ತಿದೆ. ಏನು ನಡೆಯಿತೆಂದು ಹೇಳುತ್ತೇನೆ, ಕೇಳು.

ಹೋದ ವಾರ ಜಿಲ್ಲಾ ಕಚೇರಿಯಿಂದ ಒಬ್ಬಳು ಸರ್ವೆ ಹುಡುಗಿ ಬಂದಿಳಿದಳು. ಮೂರು ಕಾಲಿನ ಸ್ಟ್ಯಾಂಡು, ಅದರ ತಲೆಯ ಮೇಲೊಂದು ದುರ್ಬೀನು, ಎಳೆದರೆ ಉದ್ದವಾಗುವ ಅಳತೆಕೋಲು. ಹೊಳೆ ಉಕ್ಕಿದರೆ ಯಾವ ಬೀದಿಗೆ ಎಷ್ಟು ನೀರು ಎಂಬ ನಕ್ಷೆ ಮಾಡುವುದು ಅವಳ ಕೆಲಸ. ಅದಕ್ಕೆ ಹಳೆಯ ನೆರೆಗಳ ಗುರುತು ಬೇಕು, ಕಂಡವರ ಮಾತು ಬೇಕು. ಅರವತ್ತು ವರ್ಷದ ಹಿಂದಿನ ಆ ಮಹಾನೆರೆಯನ್ನು ಕಣ್ಣಾರೆ ಕಂಡು ಇನ್ನೂ ಉಸಿರಾಡುತ್ತಿರುವವರು ಈ ಬೀದಿಯಲ್ಲಿ ಇಬ್ಬರೇ. ಒಬ್ಬ ಮುದಿ ಮೇಸ್ತ್ರಿ, ಇನ್ನೊಬ್ಬ ನಿನ್ನ ಅಪ್ಪ.

ಕೇಳಿದಳಲ್ಲ, ಬಿಡುತ್ತೇನೆಯೇ? ಧಾನ್ಯದ ಉಗ್ರಾಣದ ಮುಂದಿನ ನನ್ನ ಹರಾಜಿನ ಕಟ್ಟೆ ಹತ್ತಿ ನಿಂತೆ. ನಾಟಕದ ಕಂಪನಿಯಲ್ಲಿ ಕಲಿತ ಗಂಟಲಿನಲ್ಲಿ, ಹೊಳೆ ಹೇಗೆ ಸೀಳಿಕೊಂಡು ಬಂತು, ಗಾಡಿಗಳು ಹೇಗೆ ತೇಲಿದವು, ಉಗ್ರಾಣದ ಅಟ್ಟದ ಹಲಗೆಗೆ ನೀರು ಹೇಗೆ ಮುಟ್ಟಿತು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅವಳು ಪೆನ್ನು ಮುಚ್ಚಿ ಕೇಳಿದಳು:

"ಅಜ್ಜ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ನಾಟಕ ಎಷ್ಟು, ನೀರು ಎಷ್ಟು?"

"ಅರ್ಧ ಕಳಿಯಮ್ಮ," ಎಂದ ಎದುರು ಅಂಗಡಿಯ ಟೈಲರು ಹೊಲಿಗೆ ನಿಲ್ಲಿಸದೆ. "ಉಳಿದಿದ್ದರಲ್ಲಿ ಇನ್ನರ್ಧ ಕಳಿ. ಆಮೇಲೆ ಆ ಕಲ್ಲು ನೋಡಿ ಬರ್ಕೋ."

ಆ ಕಲ್ಲು ನಿನಗೂ ಗೊತ್ತು. ಉಗ್ರಾಣದ ಹೆಬ್ಬಾಗಿಲ ಪಕ್ಕದ ಗೋಡೆಯಲ್ಲಿ ಎದೆಯ ಮಟ್ಟಕ್ಕಿದೆ. ಒಂದು ಅಡ್ಡಗೆರೆ, ನೆರೆ ಬಂದ ಇಸವಿ, 'ನೀರು ಇಲ್ಲಿಯವರೆಗೆ' ಎಂಬ ಅಕ್ಷರ. ಅವಳು ಕಲ್ಲನ್ನು ಅಳೆದು ಬರೆದುಕೊಂಡಳು. ಉಗ್ರಾಣದಲ್ಲಿ ಎದೆಮಟ್ಟ ಎಂದರೆ, ಅದರ ಹಿಂದೆ ಮೂರಡಿ ಎತ್ತರದಲ್ಲಿರುವ ನಿನ್ನ ಜಾಗಕ್ಕೆ ಮೊಣಕಾಲುದ್ದ. ನೀನು ಹಾಕಿಸಬೇಕೆಂದಿರುವ ಎರಡೂವರೆ ಅಡಿ ಜಗಲಿಗೆ ಬೇಕಾದಷ್ಟಾಯಿತು. ಊರೆಲ್ಲ ಇಷ್ಟು ವರ್ಷ ಮನೆ ಕಟ್ಟಿದ್ದೂ ಅದೇ ಲೆಕ್ಕದ ಮೇಲೆ ತಾನೆ?

ಟೈಲರಿಗೆ ಇನ್ನೂ ಧೈರ್ಯ ಬಂತು. "ಇಂಥ ನೆರೆ ನೂರು ವರ್ಷಕ್ಕೊಂದು ಅಂತಾರಲ್ಲಮ್ಮ? ಅರವತ್ತಾಯ್ತು. ಇನ್ನು ನಲವತ್ತು ವರ್ಷ ನಿಶ್ಚಿಂತೆ."

ಹುಡುಗಿ ನಕ್ಕು, ಅವನ ಗುಂಡಿಯ ಡಬ್ಬಿಯನ್ನೇ ಎತ್ತಿಕೊಂಡಳು. "ಇದರಲ್ಲಿ ನೂರು ಗುಂಡಿ ಇವೆ ಅಂತಿಟ್ಕೊಳ್ಳಿ. ತೊಂಬತ್ತೊಂಬತ್ತು ಬಿಳಿ, ಒಂದು ಕೆಂಪು. ಹೊಳೆ ವರ್ಷಕ್ಕೊಂದು ಸಲ ಕಣ್ಣು ಮುಚ್ಚಿ ಒಂದನ್ನ ಎತ್ತುತ್ತೆ. ಕೆಂಪು ಬಂದರೂ ಅದನ್ನ ವಾಪಸ್ ಡಬ್ಬಿಗೇ ಹಾಕುತ್ತೆ. ಮುಂದಿನ ವರ್ಷ ಮತ್ತೆ ನೂರೂ ಒಳಗೇ ಇರ್ತವೆ. ಹೊಳೆ ಏನು ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ? ಒಂದು ಕಟ್ಟಡ ಮೂವತ್ತು ವರ್ಷ ನಿಂತರೆ, ಅಷ್ಟರಲ್ಲಿ ಕೆಂಪು ಗುಂಡಿ ನೋಡೋ ಸಂಭವ ನಾಲ್ಕರಲ್ಲಿ ಒಂದು."

ಟೈಲರು ಡಬ್ಬಿ ಇಸಿದುಕೊಂಡು ಮುಚ್ಚಳ ಬಿಗಿಯಾಗಿ ಹಾಕಿದ.

ಇದೆಲ್ಲ ಮೊದಲ ಅಂಕ. ಎರಡನೆಯದು ಇವತ್ತು. ಹುಡುಗಿ ಗಂಟುಮೂಟೆ ಕಟ್ಟುವ ಮೊದಲು ಮೇಸ್ತ್ರಿಯನ್ನೂ ಒಂದು ಮಾತು ಕೇಳಿಬಿಡೋಣ ಎಂದು ಕಲ್ಲಿನ ಎದುರಿಗೆ ಕುರ್ಚಿ ಹಾಕಿಸಿ ಕೂರಿಸಿದಳು. ಅವನಿಗೆ ಕಿವಿ ಮಂದ, ಕಣ್ಣು ಚುರುಕು. ಕಲ್ಲನ್ನು ದಿಟ್ಟಿಸಿ ನೋಡಿದ. ಕೆಲಸ ಮಾಡಿದವನು ತನ್ನ ಕೆಲಸ ನೋಡುವ ಹಾಗೆ.

"ಚೆನ್ನಾಗಿ ಕೂತಿದೆ. ನಾನೇ ಕೂರಿಸಿದ್ದು," ಎಂದ.

"ನೆರೆ ಬಂದಾಗ ನಿಮಗೆ ಹತ್ತು ವರ್ಷ ಅಂದ್ರಲ್ಲ ತಾತ?"

"ಆಗಲ್ಲಮ್ಮ. ಈ ಗೋಡೆಗೆ ಹೊಸದಾಗಿ ಗಾರೆ ಮಾಡಿದ್ವಿ ನೋಡು, ಆಗ. ನಲವತ್ತು ವರ್ಷ ಆಗಿರಬೇಕು. ಮುಂಚೆ ಮೇಲಿತ್ತು." ಕೋಲೆತ್ತಿ ತೋರಿಸಿದ. ಬಾಗಿಲಿಗಿಂತ ಮೇಲೆ, ತೊಲೆಗಿಂತ ಮೇಲೆ, ಅಟ್ಟದ ಕಿಟಕಿಯ ಪಕ್ಕಕ್ಕೆ. "ಅಷ್ಟು ಮೇಲಿದ್ರೆ ಯಾರಿಗೆ ಕಾಣುತ್ತೆ? ಓದೋಕೆ ಏಣಿ ಬೇಕಾಗಿತ್ತು. ಒಳ್ಳೇ ಕಲ್ಲು, ಅಚ್ಚುಕಟ್ಟಾದ ಅಕ್ಷರ. ಹೋಗೋರು ಬರೋರು ನಾಲ್ಕು ಜನ ಓದಲಿ ಅಂತ ಕೆಳಗಿಳಿಸಿ ಕೂರಿಸಿದೆ."

ಅಮ್ಮಣ್ಣಿ, ಆ ಕ್ಷಣ ನೀನಿರಬೇಕಿತ್ತು! ಸಂತೆಗೆ ಬಂದಿದ್ದ ಐವತ್ತು ಜನ ಒಟ್ಟಿಗೆ ಕತ್ತೆತ್ತಿ ಅವನ ಕೋಲಿನ ತುದಿಯತ್ತ ನೋಡಿದರು. ಹುಡುಗಿ ಏಣಿ ತರಿಸಿದಳು. ಅವನು ತೋರಿಸಿದ ಕಡೆ ಗಾರೆ ಕೆರೆದಳು. ಒಳಗೆ, ಕಲ್ಲಿದ್ದ ಅಳತೆಗೇ ಸರಿಯಾಗಿ ಇಟ್ಟಿಗೆ ತುಂಬಿದ ಗೂಡು!

ಆಮೇಲೆ ಅಟ್ಟ ಹತ್ತಿದೆವು. ಮುರಿದ ಹಲಗೆ, ಹರಿದ ಚೀಲಗಳ ರಾಶಿ ಸರಿಸಿದೆವು. ಗಾರೆ ಕಾಣದ ಹಳೆಯ ಗೋಡೆ. ಅದರ ಮೇಲೆ, ದಾರ ಹಿಡಿದು ಎಳೆದಂತೆ, ನಾಲ್ಕೂ ಗೋಡೆ ಸುತ್ತಿದ ಒಂದು ಮಣ್ಣಿನ ಗೆರೆ. ಬೆರಳಿಟ್ಟೆ. ಮುಖಕ್ಕೆ ಹಚ್ಚುವ ಬಣ್ಣದ ಪುಡಿಯಷ್ಟು ನುಣುಪು. ಅರವತ್ತು ವರ್ಷದ ಹಿಂದೆ ಎಲ್ಲೋ ಬೆಟ್ಟದ ಮೇಲಿದ್ದ ಮಣ್ಣು ನನ್ನ ಬೆರಳ ತುದಿಯಲ್ಲಿತ್ತು. ಮತ್ತೆ ಗೆರೆ ಎಲ್ಲಿತ್ತು ಗೊತ್ತೇ? ಅಟ್ಟದ ಹಲಗೆಗಿಂತ ಒಂದು ಗೇಣು ಮೇಲೆ! ಊರೆಲ್ಲ ಅರ್ಧ ಕಳೆದು, ಅದರಲ್ಲೂ ಅರ್ಧ ಕಳೆದು ನಕ್ಕ ನನ್ನ ಕಥೆಗಿಂತ ಹೊಳೆ ಒಂದು ಗೇಣು ಎತ್ತರ ನಿಂತಿತ್ತು. ಗೆದ್ದೆ ಎಂದು ಮೀಸೆ ತಿರುವಬೇಕಾದವನು ಗೋಡೆಗೆ ಕೈಯಿಟ್ಟು ನಿಂತುಬಿಟ್ಟೆ.

ಕೆಳಗೆ ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ಕೂತಿದ್ದ. "ಅನುಕೂಲ ಆಗಲಿ ಅಂತ ಮಾಡಿದೆ ಕಣಮ್ಮ. ಅನುಕೂಲ ಆಗಲಿ ಅಂತ." ಹುಡುಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, "ತಾತ, ಬೇರೆ ಕಡೆ ಇಂಥ ಕಲ್ಲನ್ನ ಒಡೆದು ಪಾಯಕ್ಕೆ ಹಾಕಿದ್ದಾರೆ. ನೀವು ಕಾಪಾಡಿದ್ರಿ. ಇವತ್ತು ಹೇಳಿದ್ರಲ್ಲ, ಅಷ್ಟು ಸಾಕು," ಎಂದಳು.

ಅಲ್ಲಿಂದ ಸೀದಾ ನಿನ್ನ ಜಾಗಕ್ಕೆ. ಕೋಲು ಹಿಡಿದು ನಿಲ್ಲುವ ಪಾತ್ರ ನನ್ನದು. ಅವಳು ದುರ್ಬೀನಿನಲ್ಲಿ ಕಣ್ಣಿಟ್ಟು, ಏನೋ ಕೂಡಿ ಕಳೆದು, "ಕೋಲು ಪೂರ್ತಿ ಎಳೀರಿ ಅಜ್ಜ. ಹನ್ನೊಂದು ಅಡಿ. ನೀರಿನ ಮಟ್ಟ ಅದು," ಎಂದು ಕೂಗಿದಳು. ಕತ್ತೆತ್ತಿ ನೋಡಿದೆ. ಪಕ್ಕದ ಮನೆಯ ತಾರಸಿಯ ಅಂಚಿನಲ್ಲಿ ಒಂದು ಬೆಕ್ಕು ಬಿಸಿಲು ಕಾಯಿಸುತ್ತಿತ್ತು. ಕೆಳಗೆ ಇಳಿಬಿಟ್ಟ ಅದರ ಬಾಲ ಆ ಕಾಣದ ನೀರಿನಲ್ಲಿ ನೆನೆಯುತ್ತಿತ್ತು. ಅದರ ಕೆಳಗೆ, ತಳದಲ್ಲಿ, ನಾನು. ಆ ಕಡೆ ಹೊಳೆ ನೋಡಿದೆ: ಒಂದು ಕುರಿ ಮೊಣಕಾಲಷ್ಟು ನೀರಿನಲ್ಲಿ ನಿಂತು ಕುಡಿಯುತ್ತಿತ್ತು. ಇಷ್ಟು ಸಾಧುವಾದದ್ದು ಅಷ್ಟು ದೊಡ್ಡದಾಗಬಲ್ಲದು ಎಂದರೆ, ಮಗಳೇ, ಯಾವ ರಾಜನ ವೇಷದಲ್ಲಿಯೂ ನಾನು ಅಂಥ ಬೆರಗನ್ನು ಕಂಡಿರಲಿಲ್ಲ.

ನೀನು ಬರೆದು ಕಳಿಸಿದ್ದ ಶಿಶುವಿಹಾರದ ಚಿತ್ರ ನೆನಪಾಯಿತು. ಮಕ್ಕಳು ಕೂತಲ್ಲಿಂದಲೇ ಹೊಳೆ ನೋಡಲಿ ಎಂದು ತಗ್ಗಾಗಿ ಇಟ್ಟ ಕಿಟಕಿಗಳು. ಹತ್ತಡಿ ಎತ್ತರಕ್ಕೆ ಹೆಂಚು.

ಪಾಯ ತೋಡಿಸಬೇಡ. ಹಿಟ್ಟಿನ ಗಿರಣಿಯ ಮೇಲಿನ ದಿಣ್ಣೆಯಲ್ಲಿ ನಿನ್ನ ಸೋದರಮಾವನ ಜಾಗ ಖಾಲಿ ಬಿದ್ದಿದೆ. ಹುಡುಗಿ ಅದನ್ನೂ ಅಳೆದಳು, ಗೆರೆಗಿಂತ ಒಂಬತ್ತು ಅಡಿ ಮೇಲೆ. ನಿನ್ನ ಅಮ್ಮ ಆಗಲೇ ತಮ್ಮನ ಹತ್ತಿರ ಮಾತಾಡಿ ಬಂದಿದ್ದಾಳೆ. ಅವನು ಒಪ್ಪಿದನೋ, ಹೆದರಿದನೋ ಗೊತ್ತಿಲ್ಲ. ಅಂತೂ ಹೂಂ ಅಂದಿದ್ದಾನೆ.

ಅಳಿಯಂದಿರಿಗೆ, ಬೀಗಿತ್ತಿಯವರಿಗೆ ನಮ್ಮಿಬ್ಬರ ನಮಸ್ಕಾರ. ಮೊಮ್ಮಕ್ಕಳ ಹಣೆಗೆ ಒಂದೊಂದು ಮುತ್ತು. ನಿನ್ನ ಕೈಯಲ್ಲಿ ಕಲಿತ ಮಕ್ಕಳೆಲ್ಲ ನೂರು ವರ್ಷ ನಗುನಗುತ್ತಾ ಬಾಳಲಿ.

ಇಂತಿ, ನಿನ್ನ
ಅಪ್ಪ

ಮರೆತ ಮಾತಲ್ಲ, ಮರೆಸಿದ ಮಾತು. ಇದನ್ನು ನೀನೊಬ್ಬಳೇ ಓದಿಕೋ.

ಆ ಅಟ್ಟದಲ್ಲಿ ನಾನಿದ್ದೆ. ಎಂಟು ವರ್ಷ ನನಗೆ. ಚೀಲಗಳ ಮೇಲೆ ಅವ್ವನ ಪಕ್ಕ ಕೂತಿದ್ದೆ, ಇಬ್ಬರ ಕಾಲೂ ನೀರಿನಲ್ಲಿತ್ತು. ಆ ಗೇಣು ನನಗೆ ಗೊತ್ತಿತ್ತು. ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಕಥೆಯಲ್ಲಿ ನಾನೇ ಅದನ್ನು ಇಳಿಸಿದ್ದೆ. ಕಂಪನಿ ಬಿಟ್ಟು ಊರಿಗೆ ಬಂದಾಗ ಕಲ್ಲು ಎದೆಮಟ್ಟದಲ್ಲಿತ್ತು. ತಪ್ಪೆಂದು ಗೊತ್ತಿತ್ತು. ಎರಡು ವರ್ಷದ ಹಿಂದೆ ಆ ಜಾಗ ನಿನಗೆ ಕೊಡುವಾಗ ನೀನು ಕೇಳಿದೆ, "ಅಪ್ಪ, ನಾಟಕ ಬೇಡ, ನಿಜ ಹೇಳು." ನಾನು ಪಿಸುಮಾತಿನಲ್ಲಿ ಹೇಳಿದೆ, "ಕಥೆ ಬಿಡಮ್ಮ. ಕಲ್ಲು ನೋಡು. ಮೊಣಕಾಲುದ್ದ, ಅಷ್ಟೇ." ಜೀವಮಾನವಿಡೀ ಗುಡುಗಿದವನು ಒಂದೇ ಒಂದು ಸಲ ಮೆಲ್ಲಗೆ ಮಾತಾಡಿದ್ದರಿಂದ ನೀನು ನಂಬಿದೆ. ನನ್ನ ಬದುಕಿನ ದೊಡ್ಡ ಸುಳ್ಳು ಅದೇ. ಆ ಜಾಗ ನಮ್ಮ ಬಾಗಿಲಿನಿಂದ ನಾಲ್ಕು ನಿಮಿಷದ ದಾರಿ. ನೀನು ಹತ್ತಿರ ಇರುತ್ತೀಯಲ್ಲ ಎಂಬ ಆಸೆಗೆ ನಲವತ್ತು ಮಕ್ಕಳನ್ನು ಆ ನೀರಿನ ತಳದಲ್ಲಿ ಕೂರಿಸಲು ಹೊರಟಿದ್ದೆ. ಮೂರು ಕಾಗದಕ್ಕೆ ಉತ್ತರ ಬರೆಯದಿದ್ದದ್ದು ಅದಕ್ಕೇ.

ಅಂಚೆಗೆ ಹಾಕಿದರೆ ಇದು ಸೋಮವಾರ ದಾಟಿ ಸೇರುತ್ತದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ನಾನೇ ತರುತ್ತೇನೆ. ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸಿ ಕರೆಯುವ ತನಕ, ಬಾಯಿ ಬಿಡದೆ ಬಾಗಿಲ ಹೊರಗೆ ನಿಂತಿರುತ್ತೇನೆ.